ಮಾವಿಗೆ ಬಿಟ್ಟ ಗೇಣು ಜಾಗ

ನಮ್ಮ ಮನೆಯ ಹಿಂದಿನ ಅಪ್ಪೆಮಾವಿನ ಮರದೊಳಗೆ ಒಂದು ತಂತಿ ಇದೆ. ಹೊರಗೆ ಕಾಣುವುದು ಎರಡು ಬೆರಳುದ್ದದ, ತುಕ್ಕು ಹಿಡಿದ ತುದಿ ಮಾತ್ರ. ನಾನು ಪ್ರೈಮರಿ ಶಾಲೆಗೆ ಹೋಗುತ್ತಿದ್ದಾಗ ಬಟ್ಟೆ ಒಣಹಾಕಲೆಂದು ಅಪ್ಪ ಕಟ್ಟಿದ್ದು. ಕಾಂಡಕ್ಕೆ ಅರ್ಧ ಸುತ್ತು ಹಾಕಿ ಮೊಳೆಗೆ ಸಿಕ್ಕಿಸಿದ್ದರು. ಅಮ್ಮ ತುದಿಗಾಲಲ್ಲಿ ನಿಂತು ಅದರ ಮೇಲೆ ಸೀರೆ ಹರವುತ್ತಿದ್ದಳು. ಅಲ್ಲಿಂದ ಇಲ್ಲಿಗೆ ನಲವತ್ತು ಚಿಲ್ಲರೆ ವರ್ಷದಲ್ಲಿ ಮರ ಮನೆಯ ಮಾಡನ್ನು ದಾಟಿ ಎಲ್ಲಿಗೋ ಹೋಯಿತು. ತಂತಿಯ ತುದಿ ಮಾತ್ರ ಅಮ್ಮನ ಕೈಗೆ ಎಟುಕುತ್ತಿದ್ದ ಎತ್ತರದಲ್ಲೇ ನಿಂತಿದೆ, ಒಂದಂಗುಲವೂ ಮೇಲೇರಿಲ್ಲ. ಮೇಲೇರುವ ಬದಲು ಒಳಗೆ ಹೋಗಿದೆ. ಅದರ ಮೇಲೆ ತೊಗಟೆ ಉಬ್ಬಿ, ಆಡಬಾರದ ಮಾತನ್ನು ತಡೆದು ಹಿಡಿದ ತುಟಿಯ ಹಾಗೆ ಮುಚ್ಚಿಕೊಂಡಿದೆ.

ಈ ಮರದ ಸುತ್ತ ಒಂದು ಪುಟ್ಟ ಮರದ ಮಂಟಪ ಕಟ್ಟಿಸಬೇಕೆಂದು ಹೊರಟಾಗ ನನಗೆ ಬೇಕಿದ್ದ ಪಾಠದ ಮುಕ್ಕಾಲು ಪಾಲು ಆ ತಂತಿಯಲ್ಲೇ ಇತ್ತು. ಅದನ್ನು ಓದಿಕೊಳ್ಳಲು ನಾನು ಎರಡು ವರ್ಷ ತೆಗೆದುಕೊಂಡೆ, ಅಷ್ಟೆ.

ಮರ ಎತ್ತರವಾಗುವುದು ಕೊಂಬೆಗಳ ತುದಿಯಲ್ಲಿ. ಕಾಂಡದ ಯಾವ ಗುರುತೂ ನೆಲದಿಂದ ಮೇಲಕ್ಕೆ ಸರಿಯುವುದಿಲ್ಲ. ಕಾಲೇಜು ಹುಡುಗರು ಎದೆಯೆತ್ತರದಲ್ಲಿ ಕೆತ್ತಿದ ಹೆಸರು ಅವರು ಅಜ್ಜಂದಿರಾದ ಮೇಲೂ ಎದೆಯೆತ್ತರದಲ್ಲೇ ಸಿಗುತ್ತದೆ. ಆದರೆ ದಪ್ಪವಾಗುವ ಕೆಲಸ ಬುಡದಿಂದ ತುದಿಯವರೆಗೆ ಎಲ್ಲ ಕಡೆ ನಡೆಯುತ್ತಿರುತ್ತದೆ. ತೊಗಟೆಯ ಕೆಳಗೆ ಕಾಗದದಷ್ಟು ತೆಳ್ಳಗೆ ಕೇಂಬಿಯಂ ಎಂಬ ಪದರವಿದೆ. ಅದು ಒಳಗಡೆಗೆ ಹೊಸ ಮರವನ್ನೂ ಹೊರಗಡೆಗೆ ಹೊಸ ಒಳತೊಗಟೆಯನ್ನೂ ಸೇರಿಸುತ್ತಾ ಹೋಗುತ್ತದೆ. ಎಲೆಗಳು ಬೇಯಿಸಿದ ಸಕ್ಕರೆ ಬೇರಿಗೆ ಇಳಿಯುವುದು ಈ ಒಳತೊಗಟೆಯ ದಾರಿಯಲ್ಲಿ. ಸುತ್ತಲೂ ಬಿಗಿಯಾಗಿ ಏನನ್ನಾದರೂ ಕಟ್ಟಿಬಿಟ್ಟರೆ ಮರ ದಪ್ಪವಾಗುತ್ತಾ ತನ್ನ ಕುತ್ತಿಗೆಯನ್ನು ತಾನೇ ಹಿಸುಕಿಕೊಳ್ಳುತ್ತದೆ, ಬೇರು ಉಪವಾಸ ಬೀಳುತ್ತದೆ. ಅಪ್ಪ ಪೂರ್ತಿ ಸುತ್ತು ಹಾಕದೆ ಅರ್ಧಕ್ಕೇ ಬಿಟ್ಟದ್ದು ಸೋಮಾರಿತನಕ್ಕೋ ತಂತಿ ಸಾಲದ್ದಕ್ಕೋ, ಮರವಂತೂ ಉಳಿಯಿತು.

ಹಾಗಾಗಿ ಮಾಡಿನಲ್ಲಿ ಮರಕ್ಕೆಂದು ಬಿಡುವ ತೂತು ಮೇಲೆ ಕೆಳಗೆ ಆಡಬೇಕಿಲ್ಲ, ಅಗಲ ಇದ್ದರೆ ಸಾಕು. ಮತ್ತು ಕಟ್ಟಡದ ಯಾವ ತುಂಡೂ ಮರವನ್ನು ಮುಟ್ಟಕೂಡದು. ಮರದ ಸುತ್ತ ಮಂಟಪ ಎಂದಾಕ್ಷಣ ಹೆಚ್ಚಿನವರ ಮನಸ್ಸಿಗೆ ಬರುವುದು ಮರವೇ ನಡುಗಂಬವಾಗಿ ನಿಂತು ಮಾಡನ್ನು ಹೊತ್ತ ಚಿತ್ರ. ನನ್ನ ಮೊದಲ ನಕ್ಷೆಯಲ್ಲೂ ಅದೇ ಇತ್ತು: ಕಾಂಡಕ್ಕೆ ನಾಲ್ಕು ಬೋಲ್ಟು, ಬೋಲ್ಟಿಗೆ ತೊಲೆ. ಮೇಷ್ಟ್ರು ತಪ್ಪು ಲೆಕ್ಕಕ್ಕೆ ಎಳೆಯುವ ಹಾಗೆ ಬಡಗಿ ಅದರ ಮೇಲೆ ಒಂದು ಗೆರೆ ಎಳೆದರು. ಅವರ ಹೆಸರು ಹಾಕುವುದು ಬೇಡ ಎಂದಿದ್ದಾರೆ, ಊರಿನವರಂತೆ ಆಚಾರ್ರು ಎಂದೇ ಕರೆಯುತ್ತೇನೆ. “ಮರ ಜೋರಾಗಿ ಅಲ್ಲಾಡಿದ ದಿನ ನಿಮ್ಮ ಮಾಡೂ ಅಲ್ಲಾಡ್ತದೆ. ಹೆಂಚು ಹೇಳಿ ಕೇಳಿ ಹೆಂಚು,” ಎಂದರು.

ಆಚಾರ್ರಿಗಿಂತ ಮುಂಚೆ ಒಬ್ಬ ಕಂಟ್ರಾಕ್ಟರ್ ಬಂದಿದ್ದರು. ಅವರ ಸಲಹೆ ಸರಳವಾಗಿತ್ತು. ಬುಡದ ಸುತ್ತ ಮೂರಡಿ ಎತ್ತರದ ಗೋಡೆ ಕಟ್ಟಿ, ಒಳಗೆ ಮಣ್ಣು ತುಂಬಿ, ಮೇಲೆ ಗ್ರಾನೈಟ್ ಹಾಸಿ ಕಟ್ಟೆ ಮಾಡುವುದು; ಕಟ್ಟೆಯ ಮೇಲೆ ನಾಲ್ಕು ಪೈಪು, ಪೈಪಿನ ಮೇಲೆ ಶೀಟು. ಹದಿನೈದು ದಿನದ ಕೆಲಸ. “ಅಶ್ವತ್ಥಕಟ್ಟೆ ಇಲ್ವಾ ಸಾರ್, ಹಾಗೇ” ಎಂದರು.

ಮಾತು ಕೇಳಲು ಸರಿಯಾಗಿಯೇ ಇತ್ತು. ಮರದ ಸುತ್ತ ಕೂರುವ ಜಾಗ ಮಾಡುವುದರಲ್ಲಿ ನಮ್ಮ ಊರುಗಳಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಅರಳಿ, ಬೇವು, ನಾಗರಕಲ್ಲು, ಪಂಚಾಯ್ತಿ, ಮಧ್ಯಾಹ್ನದ ನಿದ್ದೆ ಎಲ್ಲಕ್ಕೂ ಒಂದೇ ಕಟ್ಟೆ. ಆದರೆ ಹಳೆಯ ಕಟ್ಟೆಗಳನ್ನು ಹತ್ತಿರ ಹೋಗಿ ನೋಡಬೇಕು. ಗಾರೆಯಿಲ್ಲದೆ ಪೇರಿಸಿದ ಕಾಡುಗಲ್ಲು, ಸಂದಿಯಲ್ಲಿ ಹುಲ್ಲು, ನೀರು ಇಳಿಯುತ್ತದೆ, ಗಾಳಿ ಆಡುತ್ತದೆ. ಮೇಲಾಗಿ ಅರಳಿ ಎಂಥ ಮರ? ದೇವಸ್ಥಾನದ ಗೋಪುರದ ಬಿರುಕಿನಲ್ಲಿ ಮೊಳೆತು ಗೋಪುರವನ್ನೇ ಸೀಳುವ ಜಾತಿ. ಅದು ಸಹಿಸಿಕೊಂಡಿದ್ದನ್ನು ಮಾವು ಸಹಿಸಿಕೊಳ್ಳುತ್ತದೆ ಎಂದುಕೊಳ್ಳುವುದು ತಪ್ಪು. ಕಾಂಡ ನೆಲಕ್ಕೆ ಇಳಿಯುವಲ್ಲಿ ಲಂಗದ ಹಾಗೆ ಅಗಲವಾಗುತ್ತದಲ್ಲ, ಆ ಭಾಗದ ತೊಗಟೆ ಗಾಳಿಯಲ್ಲಿರಬೇಕಾದದ್ದು. ಅದರ ಮೇಲೆ ಮೂರಡಿ ಮಣ್ಣು ಸುರಿದರೆ ತೊಗಟೆ ಸದಾ ಹಸಿಯಾಗಿದ್ದು ಕೊಳೆಯುತ್ತದೆ. ಈಗಿನ ಕಟ್ಟೆಗಳಿಗೆ ಹಾಕುವ ಸಿಮೆಂಟು, ಟೈಲ್ಸು ಇನ್ನೂ ಕೆಟ್ಟದ್ದು. ದೆಹಲಿಯಲ್ಲಿ ರಸ್ತೆಬದಿಯ ಮರಗಳ ಬುಡಕ್ಕೇ ಕಾಂಕ್ರೀಟು ಬಳಿದದ್ದು ಎಷ್ಟಾಗಿತ್ತೆಂದರೆ, 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಪ್ರತಿ ಮರದ ಸುತ್ತ ಒಂದು ಮೀಟರಿನಷ್ಟು ಕಾಂಕ್ರೀಟನ್ನು ಕಿತ್ತು ತೆಗೆಯಿರಿ ಎಂದು ಆದೇಶ ಕೊಡಬೇಕಾಯಿತು. ನಮ್ಮ ಊರುಗಳಿಗೆ ಆ ಆದೇಶ ಅನ್ವಯಿಸದಿದ್ದರೂ ಮರಕ್ಕೆ ಎಲ್ಲ ಊರೂ ಒಂದೇ.

ಕಂಟ್ರಾಕ್ಟರ್‌ಗೆ ಕಾಫಿ ಕೊಟ್ಟು ಕಳಿಸಿದೆ.

ಬೇರಿನ ಬಗ್ಗೆ ನಮ್ಮಲ್ಲೊಂದು ತಪ್ಪು ಚಿತ್ರ ಇದೆ. ಮೇಲೆ ಎಷ್ಟು ಮರವೋ ಕೆಳಗೂ ಅಷ್ಟೇ, ಕನ್ನಡಿಯಲ್ಲಿ ಕಂಡ ಹಾಗೆ ಆಳಕ್ಕೆ ಇಳಿದಿರುತ್ತದೆ ಎಂದು. ಶಾಲೆಯ ಪುಸ್ತಕದಲ್ಲಿ ಬಿಡಿಸಿಕೊಂಡು ಬಂದದ್ದೂ ಹಾಗೆಯೇ. ಬೆಳೆದ ಮರದ ಬೇರಿನ ಬಹುಪಾಲು ಮೇಲಿನ ಒಂದೂವರೆ ಎರಡು ಅಡಿ ಮಣ್ಣಿನಲ್ಲೇ ಇರುತ್ತದೆ. ನೀರು, ಗೊಬ್ಬರ ಹೀರುವ ಕೂದಲೆಳೆಯ ಬೇರುಗಳಂತೂ ಗೇಣಿನ ಆಳದಲ್ಲಿ. ಅಡ್ಡಕ್ಕೆ ಮಾತ್ರ ಅವು ಕೊಂಬೆಗಳ ನೆರಳನ್ನೂ ದಾಟಿ ಬಹುದೂರ ಹೋಗುತ್ತವೆ. ಚಿತ್ರ ಬಿಡಿಸುವುದಾದರೆ ಊಟದ ತಟ್ಟೆಯ ನಡುವೆ ಒಂದು ಲೋಟ ಇಟ್ಟ ಹಾಗೆ: ಲೋಟ ಮರ, ತಟ್ಟೆ ಬೇರು. ಬೇರಿಗೂ ಉಸಿರಾಡಬೇಕು. ಮಣ್ಣಿನ ಕಣಗಳ ನಡುವಿನ ಗಾಳಿಯೇ ಅದರ ಉಸಿರು. ಕಟ್ಟಡದ ಕೆಲಸ ಮರವನ್ನು ಕೊಲ್ಲುವುದು ಹೆಚ್ಚಾಗಿ ಕೊಡಲಿಯಿಂದಲ್ಲ. ಬುಡದಲ್ಲಿ ಇಳಿಸಿದ ಜಲ್ಲಿ ಲೋಡು, ಅಲ್ಲೇ ತಿರುಗಿದ ಟ್ರ್ಯಾಕ್ಟರು, ಅಲ್ಲೇ ಕಲೆಸಿ ಅಲ್ಲೇ ತೊಳೆದು ಚೆಲ್ಲಿದ ಸಿಮೆಂಟು ನೀರು ಇವುಗಳಿಂದ. ತುಳಿದು ಗಟ್ಟಿಯಾದ ಮಣ್ಣಿನಲ್ಲಿ ಬೇರು ನಿಧಾನವಾಗಿ ಉಸಿರುಗಟ್ಟುತ್ತದೆ. ತುದಿಯ ಕೊಂಬೆ ಒಣಗಲು ಶುರುವಾಗುವುದು ಎರಡು ಮೂರು ವರ್ಷದ ಮೇಲೆ. ಅಷ್ಟರಲ್ಲಿ ಗೃಹಪ್ರವೇಶದ ಹೋಳಿಗೆ ಅರಗಿರುತ್ತದೆ, ಯಾರಿಗೂ ನೆನಪಿರುವುದಿಲ್ಲ. “ಯಾವುದೋ ರೋಗ ಬಂತು” ಎನ್ನುತ್ತಾರೆ.

ಬ್ರಿಟನ್ನಿನವರು ಇದಕ್ಕೊಂದು ಲೆಕ್ಕ ಇಟ್ಟುಕೊಂಡಿದ್ದಾರೆ. ಅವರ ಬಿಎಸ್ 5837 ಎಂಬ ಮಾನಕದ ಪ್ರಕಾರ, ಎದೆಯೆತ್ತರದಲ್ಲಿ ಕಾಂಡದ ವ್ಯಾಸ ಎಷ್ಟೋ ಅದರ ಹನ್ನೆರಡರಷ್ಟು ದೂರದ ವೃತ್ತದೊಳಗೆ ಬೇರಿನ ತಂಟೆಗೆ ಹೋಗಬಾರದು. ಟೇಪು ಹಿಡಿದು ನಮ್ಮ ಮಾವನ್ನು ಅಳೆದೆ. ಸುತ್ತಳತೆ 188 ಸೆಂಟಿಮೀಟರ್, ಅಂದರೆ ವ್ಯಾಸ ಸುಮಾರು 60. ಹನ್ನೆರಡರಿಂದ ಗುಣಿಸಿದರೆ 7 ಮೀಟರು 20 ಸೆಂಟಿಮೀಟರ್. ನಾನು ಕಟ್ಟಬೇಕೆಂದಿದ್ದ ಮಂಟಪವೋ 14 ಅಡಿಯ ಚೌಕ. ಅದರ ಮೂಲೆ ಮರದಿಂದ ಮೂರೇ ಮೀಟರ್. ಇಡೀ ಮಂಟಪ ನಿಷೇಧದ ವೃತ್ತದೊಳಗೇ ಬಿತ್ತು.

ಅಲ್ಲಿಗೇ ಬಿಟ್ಟುಬಿಡುವುದು ಒಂದು ದಾರಿ. ನಿಜ ಹೇಳಬೇಕೆಂದರೆ ಮರದ ದೃಷ್ಟಿಯಿಂದ ಅದೇ ಉತ್ತಮ ದಾರಿ. ಬುಡದಲ್ಲಿ ಒಂದು ಕುರ್ಚಿ ಹಾಕಿಕೊಂಡು ಕೂತರೂ ನೆರಳು ಅಷ್ಟೇ ತಂಪು. ಆದರೆ ನನಗೆ ಬೇಕಾಗಿದ್ದದ್ದು ಬೇಸಗೆಯ ನೆರಳಲ್ಲ. ಮಲೆನಾಡಿನ ಆಷಾಢದಲ್ಲಿ, ಧೋ ಎಂದು ಸುರಿಯುವಾಗ, ಆ ಮರದ ಪಕ್ಕದಲ್ಲೇ ಒಣಗಿದ ಬಟ್ಟೆಯಲ್ಲಿ ಕೂತು ಮಳೆ ಕಾಂಡದ ಮೇಲೆ ಇಳಿಯುವುದನ್ನು ನೋಡಬೇಕಿತ್ತು. ಇದೊಂದು ಹುಚ್ಚು, ಒಪ್ಪಿಕೊಳ್ಳುತ್ತೇನೆ. ಹಾಗಾದರೆ ಮರಕ್ಕೆ ಅತಿ ಕಡಿಮೆ ತೊಂದರೆಯಾಗುವ ಹಾಗೆ ಕಟ್ಟುವುದು ಹೇಗೆ ಎಂಬುದಷ್ಟೇ ಉಳಿಯಿತು.

ಸುತ್ತಲೂ ಪಾಯ ತೋಡಿ ಗೋಡೆ ಎಬ್ಬಿಸಿದರೆ, ಎರಡಡಿ ಅಗಲದ ಚರಂಡಿ ನಾಲ್ಕೂ ಬದಿಗೆ. ಸುಮಾರು 112 ಚದರಡಿ ನೆಲ ಅಗೆದಂತೆ, ಅದೂ ಬೇರಿನ ತಟ್ಟೆಗೆ ಸುತ್ತಲೂ ಚಾಕು ಹಾಕಿದಂತೆ. ಅದರ ಬದಲು ಎಂಟು ಕಂಬಕ್ಕೆ ಎಂಟು ಗುಂಡಿ, ಒಂದೊಂದು ಒಂದೂವರೆ ಅಡಿ ಚೌಕ. ಒಟ್ಟು 18 ಚದರಡಿ. ಆರರಲ್ಲೊಂದು ಪಾಲು. ಗುಂಡಿಗಳನ್ನು ಹಾರೆ, ಪಿಕಾಸಿ ತಾಗಿಸದೆ, ಕೈಗುದ್ದಲಿಯಲ್ಲಿ ಕೆರೆದು ಕೆರೆದು ಮೂರು ದಿನ ತೋಡಿದೆವು. ಐದನೆಯ ಗುಂಡಿಯಲ್ಲಿ, ಒಂದಡಿ ಆಳದಲ್ಲಿ, ಒಂದು ಬೇರು ಸಿಕ್ಕಿತು. ನನ್ನ ಮುಂಗೈ ದಪ್ಪ. ಮಣ್ಣು ಸವರಿದ ಮೇಲೆ ಕೆಂಪು ಮಿಶ್ರಿತ ಕಂದು ಬಣ್ಣ, ಆನೆಯ ಸೊಂಡಿಲಿನ ಹಾಗೆ ಸುಕ್ಕು ಸುಕ್ಕು. ಎರಡೂವರೆ ಸೆಂಟಿಮೀಟರಿಗಿಂತ ದಪ್ಪದ ಬೇರನ್ನು ತಿಳಿದವರನ್ನು ಕೇಳದೆ ಕಡಿಯಬಾರದೆಂದು ಅದೇ ಬ್ರಿಟಿಷ್ ಮಾನಕ ಹೇಳುತ್ತದೆ. ಇದು ಅದರ ಎರಡು ಪಟ್ಟಿಗೂ ಹೆಚ್ಚಿತ್ತು. ಆಚಾರ್ರು ಮಾನಕ ಓದಿದವರಲ್ಲ. ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಎಲೆ ಅಡಿಕೆ ಮೆಲ್ಲುತ್ತಾ ಸ್ವಲ್ಪ ಹೊತ್ತು ನೋಡಿ, “ಕಂಬ ಸರಿಸುವ. ಅದು ಮೊದಲು ಬಂದದ್ದು,” ಎಂದರು.

ಗುಂಡಿ ಮುಚ್ಚಿ ಹದಿನಾಲ್ಕು ಅಂಗುಲ ಆಚೆ ಹೊಸದು ತೋಡಿದೆವು. ಹಾಗಾಗಿ ನಮ್ಮ ಮಂಟಪದ ಪಡುವಣ ಬದಿಯಲ್ಲಿ ನಡುಗಂಬ ನಡುವಿನಲ್ಲಿಲ್ಲ. ಒಂದು ಕಡೆ 8 ಅಡಿ 2 ಅಂಗುಲ, ಇನ್ನೊಂದು ಕಡೆ 5 ಅಡಿ 10 ಅಂಗುಲ. ಬಂದ ನೆಂಟರಲ್ಲಿ ವಾಸ್ತು ಬಲ್ಲವರೊಬ್ಬರು ಇದಕ್ಕೆ ಗಹನವಾದ ಕಾರಣ ಹುಡುಕಿದ್ದೂ ಉಂಟು.

ಮರಕ್ಕೆ ದಾರಿ ಬಿಟ್ಟ ಮಾಡುಗಳು ಹೊಸದೇನಲ್ಲ. 1925ರಲ್ಲಿ ಪ್ಯಾರಿಸ್ಸಿನ ದೊಡ್ಡ ವಸ್ತುಪ್ರದರ್ಶನದಲ್ಲಿ ಲೆ ಕಾರ್ಬೂಸಿಯೆಗೆ ಸಿಕ್ಕಿದ ಜಾಗದಲ್ಲಿ ಮರಗಳಿದ್ದವು, ಕಡಿಯಲು ಅನುಮತಿ ಇರಲಿಲ್ಲ. ಆತ ತನ್ನ ಎಸ್ಪ್ರಿ ನೂವೊ ಪೆವಿಲಿಯನ್ನಿನ ಮಾಡಿಗೆ ದುಂಡನೆಯ ತೂತು ಕೊರೆದು ಒಂದು ಮರವನ್ನು ಹಾಗೆಯೇ ಹೊರಗೆ ಬಿಟ್ಟ. ಪ್ರದರ್ಶನ ಮುಗಿದ ಮೇಲೆ ಕಟ್ಟಡ ಕೆಡವಿದರು. 1977ರಲ್ಲಿ ಇಟಲಿಯ ಬೊಲೊನ್ಯಾದಲ್ಲಿ ಅದರ ಪ್ರತಿರೂಪ ಕಟ್ಟಿದಾಗ ತೂತನ್ನೂ ಮರವನ್ನೂ ಮರೆಯಲಿಲ್ಲ. ನಮ್ಮ ಪಕ್ಕದ ತಿರುವನಂತಪುರದಲ್ಲಿ ಲಾರಿ ಬೇಕರ್ ಅಭಿವೃದ್ಧಿ ಅಧ್ಯಯನ ಕೇಂದ್ರದ ಕಟ್ಟಡಗಳನ್ನು ಕಟ್ಟುವಾಗ ಮರ ಅಡ್ಡ ಬಂದ ಕಡೆ ಗೋಡೆಯನ್ನೇ ಬಳುಕಿಸಿದರು. ಟೋಕಿಯೊ ಬಳಿಯ ತಚಿಕಾವದಲ್ಲಿ ತೆಜುಕಾ ದಂಪತಿ 2007ರಲ್ಲಿ ಕಟ್ಟಿದ ಫುಜಿ ಶಿಶುವಿಹಾರದ್ದು ಮಕ್ಕಳು ಓಡಾಡುವ ಮೊಟ್ಟೆಯಾಕಾರದ ಮಾಡು. ಅದರ ನಡುನಡುವೆ ಮೂರು ಜೆಲ್ಕೋವಾ ಮರಗಳು ಎದ್ದು ನಿಂತಿವೆ. ಮರದ ಸುತ್ತಲಿನ ತೆರವಿಗೆ ಹಗ್ಗದ ಬಲೆ ಕಟ್ಟಿದ್ದಾರೆ. ಮಕ್ಕಳು ಬೀಳದಿರಲಿ ಎಂದು ಹಾಕಿದ್ದು, ಮಕ್ಕಳು ಅದರಲ್ಲೇ ಹೋಗಿ ಬೀಳುತ್ತಾರೆ.

ಇವೆಲ್ಲಕ್ಕಿಂತ ನನಗೆ ಕೆಲಸಕ್ಕೆ ಬಂದದ್ದು ಫ್ರಾನ್ಸಿನ ಅಟ್ಲಾಂಟಿಕ್ ಕರಾವಳಿಯ ಕ್ಯಾಪ್ ಫೆರೆಯ ಒಂದು ಮನೆ. 2021ರಲ್ಲಿ ಪ್ರಿಟ್ಸ್ಕರ್ ಪ್ರಶಸ್ತಿ ಪಡೆದ ಲಕಾತೋನ್ ಮತ್ತು ವಸಾಲ್ 1998ರಲ್ಲಿ ಮುಗಿಸಿದ್ದು. ಮರಳುದಿಬ್ಬದ ಮೇಲೆ ಪೈನ್ ತೋಪು. ಮನೆಯನ್ನು ಕಾಲುಗಳ ಮೇಲೆ ಎತ್ತಿ ನಿಲ್ಲಿಸಿದ್ದಾರೆ, ಆರು ಮರಗಳು ನೆಲ ಸೀಳಿ ಬಂದು ಮಾಡು ಸೀಳಿ ಹೋಗುತ್ತವೆ. ಸಮುದ್ರದ ಗಾಳಿಗೆ ಪೈನು ತೂಗುತ್ತದೆ. ಅದಕ್ಕೆ ಅವರು ಮಾಡಿನಲ್ಲಿ ಮರ ಹೊರಬೀಳುವ ಕಡೆ ರಬ್ಬರಿನ ಕೊರಳಪಟ್ಟಿ ತೊಡಿಸಿ, ಅದನ್ನು ಜಾರುವ ಪಾರದರ್ಶಕ ಪ್ಲಾಸ್ಟಿಕ್ ಹಲಗೆಗೆ ಸೇರಿಸಿದರು. ಮರ ಅತ್ತಿತ್ತ ಹೋದಂತೆ ಹಲಗೆಯೂ ಜಾರುತ್ತದೆ. ವಾಸದ ಮನೆಗೆ ಇಷ್ಟು ಉಪಾಯ ಬೇಕು. ತೋಟದ ಮಂಟಪಕ್ಕೆ ಬೇಡ; ಆದರೆ ಮರ ಎಷ್ಟು ತೂಗುತ್ತದೆ ಎಂದು ಮೊದಲು ತಿಳಿಯಬೇಕು ಎನ್ನುವುದು ನನಗೆ ಹೊಳೆದದ್ದು ಆ ಮನೆಯಿಂದ.

ಅಳೆಯುವುದು ಹೇಗೆ? ಒಂದು ಬಿದಿರ ಗಳವನ್ನು ಮರದಿಂದ ದೂರ ನೆಟ್ಟು, ಮಾಡಿನ ತೂತು ಬರುವ ಹನ್ನೊಂದು ಅಡಿ ಎತ್ತರದಲ್ಲಿ ಅದಕ್ಕೊಂದು ರಟ್ಟು ಕಟ್ಟಿದೆ. ಕಾಂಡಕ್ಕೆ ಹಳೇ ಸೈಕಲ್ ಟ್ಯೂಬಿನಿಂದ ಒಂದು ಪೆನ್ಸಿಲ್ಲು ಬಿಗಿದೆ, ಮೊನೆ ರಟ್ಟಿಗೆ ತಾಗುವ ಹಾಗೆ. ಜೂನ್ ಮೊದಲ ವಾರದ ಗಾಳಿಮಳೆ ಮುಗಿದ ಮೇಲೆ ಹತ್ತಿ ನೋಡಿದರೆ ಮಗು ಗೀಚಿದ ಹಾಗೆ ಒಂದು ಗೋಜಲು. ನೆನೆದು ರಟ್ಟು ಅರ್ಧ ಹಾಳಾಗಿತ್ತು, ಆದರೂ ಅಳೆಯಬಹುದಿತ್ತು: ಅತಿ ಹೆಚ್ಚು ಅಂದರೆ ಮೂರು ಸೆಂಟಿಮೀಟರ್. ನಮ್ಮದು ಕಾಡುಮಾವಿನ ಮರ, ಹದಿನೈದು ಅಡಿಯವರೆಗೆ ಕವಲಿಲ್ಲದ ದಪ್ಪ ಕಾಂಡ. ಹಾಗಾಗಿ ಕೆಳಗೆ ಅಲುಗಾಟ ಕಡಿಮೆ. ತೆಳು ಮರವಾದರೆ, ತೂತು ಇನ್ನೂ ಮೇಲಿದ್ದರೆ ಲೆಕ್ಕವೇ ಬೇರೆ.

ಇನ್ನು ಬೆಳವಣಿಗೆ. ಸುತ್ತಳತೆ ವರ್ಷಕ್ಕೆ 2 ಸೆಂಟಿಮೀಟರ್ ಹೆಚ್ಚುತ್ತದೆ ಎಂದು ಇಟ್ಟುಕೊಂಡೆ. ಅದು ಸುತ್ತಳತೆ, ಒಂದೊಂದು ಬದಿಗೆ ಬರುವುದು ಮೂರು ಮಿಲಿಮೀಟರಿಗಿಂತ ಕೊಂಚ ಹೆಚ್ಚು. ಮೂವತ್ತು ವರ್ಷಕ್ಕೆ ಒಂಬತ್ತೂವರೆ ಸೆಂಟಿಮೀಟರ್. ತೂಗಾಟದ ಮೂರು ಸೇರಿದರೆ ಹನ್ನೆರಡೂವರೆ. ಅದರ ಮೇಲೆ ಕೈ ಹಾಕಿ ಕಸ ತೆಗೆಯಲು ಜಾಗ ಬೇಕು. ತರಗೆಲೆ ಸಿಕ್ಕಿಕೊಂಡು ಹಸಿ ಹಿಡಿದರೆ ಕೊಳೆತ ಮೊದಲು ಅಲ್ಲೇ ಶುರುವಾಗುತ್ತದೆ. ಮಾವಿಗೆ ಕಾಂಡ ಕೊರೆಯುವ ಹುಳದ ಕಾಟ ಬೇರೆ, ತೊಗಟೆಯಿಂದ ಹಿಟ್ಟು ಉದುರುತ್ತಿದೆಯೇ ಎಂದು ಆಗಾಗ ಕಣ್ಣಿಟ್ಟು ನೋಡಬೇಕು. ಆಚಾರ್ರು ಈ ಎಲ್ಲ ಗುಣಾಕಾರ ಕೇಳಿ, ತಮ್ಮ ಹೆಬ್ಬೆರಳು ಕಿರುಬೆರಳು ಅಗಲಿಸಿ ಕಾಂಡಕ್ಕೆ ಇಟ್ಟು ತೋರಿಸಿದರು. ಒಂದು ಗೇಣು. ಹತ್ತಿರ ಹತ್ತಿರ 23 ಸೆಂಟಿಮೀಟರ್. ಅಲ್ಲಿಗೆ ನಿಂತಿತು.

ಮಾಡಿನ ಇಳಿಜಾರಿನ ವಿಷಯದಲ್ಲಿ ನಮಗಿಬ್ಬರಿಗೂ ನಿಜವಾದ ಜಗಳವೇ ಆಯಿತು. ನನ್ನ ತಲೆಯಲ್ಲಿದ್ದದ್ದು ತೊಟ್ಟಿಮನೆ. ನಾಲ್ಕೂ ಕಡೆಯ ಮಾಡು ಒಳಮುಖವಾಗಿ ಇಳಿದು, ಮಳೆನೀರು ನಡುವಿನ ಅಂಗಳಕ್ಕೆ ತೆರೆ ಬಿಟ್ಟಂತೆ ಸುರಿಯುವುದು, ಆ ತೆರೆಯ ಹಿಂದೆ ಮಾವಿನ ಕಾಂಡ. ಎಂಥ ಚಿತ್ರ! ಆಚಾರ್ರು ತಲೆ ಅಲ್ಲಾಡಿಸಿದರು. ಅಷ್ಟು ಮಾಡಿನ ನೀರೆಲ್ಲ ನಾಲ್ಕು ತಿಂಗಳು ಬುಡಕ್ಕೇ ಬಿದ್ದರೆ ಮರ ನಿಂತಲ್ಲೇ ಕೊಳೆಯುತ್ತದೆ. ಅಡಿಕೆಗೆ ನೀರು ಬಿಡುವಾಗ ಬುಡಕ್ಕೇ ಬಿಡ್ತೀರಾ ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕುಡಿಯುವ ಬೇರು ಇರುವುದು ಬುಡದಿಂದ ದೂರ. ಮಾಡು ಹೊರಕ್ಕೆ ಇಳಿದರೆ ಸೂರಿನ ನೀರು ಆ ಬೇರುಗಳ ಮೇಲೆಯೇ ಬೀಳುತ್ತದೆ. ಕಾಂಡಕ್ಕೆ ಬೇಕಾದಷ್ಟನ್ನು ಕೊಂಬೆಗಳೇ ತಮ್ಮ ಮೈಮೇಲೆ ಹರಿಸಿ ತರುತ್ತವೆ. ತೊಟ್ಟಿಮನೆಯ ಕನಸನ್ನು ಮಡಚಿ ಇಟ್ಟೆ.

ಆದರೆ ಹೊರಕ್ಕೆ ಇಳಿಯುವ ಮಾಡಿನ ನೆತ್ತಿ ಬರುವುದು ಸರಿಯಾಗಿ ಮರ ಇರುವಲ್ಲಿ. ಪಕ್ಕಾಸುಗಳೆಲ್ಲ ಮೇಲೆ ಹೋಗಿ ಯಾವುದಕ್ಕೆ ಒರಗಬೇಕು? ನಡುವೆ ಕಂಬ ಇಡಲು ಜಾಗವಿಲ್ಲ, ಮರವನ್ನು ಮುಟ್ಟುವಂತಿಲ್ಲ. ಇಡೀ ಕೆಲಸದಲ್ಲಿ ನಾನು ಬೆರಗಾದದ್ದು ಇಲ್ಲಿ. ಆಚಾರ್ರು ಐದಂಗುಲ ದಪ್ಪದ ನಾಲ್ಕು ತೊಲೆಗಳಿಂದ ಒಂದು ಚೌಕಟ್ಟು ಮಾಡಿದರು, ಕಾಂಡದ ಸುತ್ತ ಗೇಣು ಬಿಟ್ಟು. ಕೆಳಗಿನಿಂದ ಬಿದಿರ ಊರೆಗೋಲು ಕೊಟ್ಟು ಅದನ್ನು ಹನ್ನೊಂದು ಅಡಿ ಎತ್ತರದಲ್ಲಿ ತಾತ್ಕಾಲಿಕವಾಗಿ ನಿಲ್ಲಿಸಿದರು. ಆಮೇಲೆ ನಾಲ್ಕು ಮೂಲೆಯ ಕಂಬಗಳಿಂದ ನಾಲ್ಕು ದಪ್ಪ ಮೂಲೆಪಕ್ಕಾಸು, ನಡುವೆ ಉಳಿದವು, ಎಲ್ಲದರ ತಲೆಯೂ ಚೌಕಟ್ಟಿಗೆ ಕಚ್ಚು. ಎತ್ತಿನಗಾಡಿಯ ಚಕ್ರವನ್ನು ನೆನೆಸಿಕೊಳ್ಳಿ. ನಡುವೆ ಟೊಳ್ಳಾದ ಗುಂಬ, ಸುತ್ತ ಅರೆಕಾಲು, ಹೊರಗೆ ಕಬ್ಬಿಣದ ಪಟ್ಟೆ. ಪಕ್ಕಾಸುಗಳೆಲ್ಲ ಸುತ್ತಲಿಂದ ನೂಕುತ್ತಿರುವುದರಿಂದ ಚೌಕಟ್ಟು ಕೆಳಗೆ ಬೀಳಲಾರದು. ಆದರೆ ಅಷ್ಟೇ ಬಲದಿಂದ ಅವುಗಳ ಬುಡ ಕಂಬಗಳನ್ನು ಹೊರಕ್ಕೆ ಒದೆಯುತ್ತದೆ. ಅದನ್ನು ತಡೆಯಲು ಕಂಬಗಳ ತಲೆಯ ಮೇಲೆ ಸುತ್ತಲೂ ಹಾಸಿದ ತೊಲೆಗಳು ಮೂಲೆಯಲ್ಲಿ ಬಿಡಿಸಿಕೊಳ್ಳದ ಹಾಗೆ ಒಂದಕ್ಕೊಂದು ಬೆಸೆದಿರಬೇಕು. ಅವೇ ಗಾಡಿಚಕ್ರದ ಪಟ್ಟೆ. ಅಲ್ಲಿ ಒಂದು ಮರಕ್ಕೆ ಬಾಯಿ, ಇನ್ನೊಂದಕ್ಕೆ ನಾಲಿಗೆ ತೆಗೆದು, ಅಡ್ಡಕ್ಕೆ ತೂತು ಕೊರೆದು, ಹೊನ್ನೆಯ ಗೂಟ ಹೊಡೆದರು. ಬರೀ ಮೊಳೆಯಾದರೆ ನಾಲ್ಕು ಮಳೆಗಾಲಕ್ಕೆ ತುಕ್ಕು ಹಿಡಿದು ಕೈಕೊಡುತ್ತದೆ.

ಊರೆಗೋಲು ತೆಗೆದ ದಿನ ನಾನು ದೂರ ನಿಂತಿದ್ದೆ. ಒಂದು ತೆಗೆದರು, ಎರಡು ತೆಗೆದರು. ಮೂರನೆಯದಕ್ಕೆ ಮಾಡಿನಿಂದ ಕಟಕ್ ಎಂದು ಶಬ್ದ ಬಂತು. ಆಚಾರ್ರು ನಾಲ್ಕನೆಯದನ್ನೂ ತೆಗೆದು, “ಕೂತುಕೊಳ್ತು,” ಎಂದರು. ಚೌಕಟ್ಟು ಒಂದು ಬತ್ತದ ಕಾಳಿನಷ್ಟು ಇಳಿದು ನಿಂತಿತ್ತು. ನಡುವೆ ಮಾವಿನ ಮರ ಏನೂ ಆಗಿಲ್ಲವೆಂಬಂತೆ.

ಅದರ ಮೇಲೆ ಹೆಂಚು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಶುರುಮಾಡಿದ ಜಾತಿಯದೇ, ಹಳೇ ಮನೆಯಿಂದ ಇಳಿಸಿದ್ದು. ಎರಡಡಿ ಸೂರು ಸೇರಿ ಐನೂರರಷ್ಟು ಹಿಡಿಯಿತು; ಒಂದೊಂದು ಎರಡು ಕಿಲೋಗೂ ಮೇಲೆ, ಒಟ್ಟು ಒಂದು ಟನ್ನು ದಾಟುತ್ತದೆ. ಶೀಟು ಹಗುರ, ಅಗ್ಗ ಎಂದು ಹೇಳಿದವರಿದ್ದರು. ಶೀಟಿನ ಕೆಳಗೆ ಮಲೆನಾಡಿನ ಮಳೆಯಲ್ಲಿ ಕೂತವರು ಮತ್ತೆ ಹಾಗೆ ಹೇಳುವುದಿಲ್ಲ, ಪಕ್ಕದವರ ಮಾತೇ ಕೇಳಿಸುವುದಿಲ್ಲ. ಮೇಲಾಗಿ ಮಾವಿನ ಒಣಕೊಂಬೆ ಬಿದ್ದರೆ ಹೆಂಚಾದರೆ ಒಂದು ಒಡೆಯುತ್ತದೆ, ಒಂದನ್ನು ಬದಲಿಸಿದರಾಯಿತು. ಚೌಕಟ್ಟಿನ ಅಂಚಿಗೆ ನಾಲ್ಕು ಬೆರಳು ಎತ್ತರದ ಹಲಗೆ ನಿಲ್ಲಿಸಿ ತಗಡು ಹೊದಿಸಿದೆವು, ಗಾಳಿಗೆ ನೀರು ಹಿಂದಕ್ಕೆ ಏರಿ ಒಳಗೆ ಬಾರದಿರಲೆಂದು.

ಮರಮಟ್ಟಿನ ಬಗ್ಗೆ ಒಂದು ಮಾತು. ಹೊಸ ಮರ ಕಡಿಸಲಿಲ್ಲ. ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಡಿ, ವಿನಾಯಿತಿಯಿರುವ ಕೆಲವು ಜಾತಿ ಬಿಟ್ಟರೆ, ಸ್ವಂತ ಜಮೀನಿನ ಮರಕ್ಕೂ ಅನುಮತಿ ಬೇಕು. ಅದಕ್ಕಿಂತ ಮುಖ್ಯವಾಗಿ ಹಸಿಮರ ಒಣಗುವಾಗ ಅಡ್ಡಕ್ಕೆ ಕುಗ್ಗುತ್ತದೆ, ಕಚ್ಚು ಸಡಿಲವಾಗುತ್ತದೆ. ಮಲೆನಾಡಿನಲ್ಲಿ ಈಗ ಹಳೇ ಮನೆ ಬಿಚ್ಚಿ ಆರ್‌ಸಿಸಿ ಹಾಕಿಸುವವರು ಬೇಕಾದಷ್ಟಿದ್ದಾರೆ. ಅಂಥ ಒಂದು ಮನೆಯ ಕಂಬ, ತೊಲೆ ಇಡಿಯಾಗಿ ಸಿಕ್ಕವು: ಮತ್ತಿ, ಹಲಸು, ಒಂದೆರಡು ತೇಗ. ಹೊಗೆಗೆ ಕಪ್ಪಾದ ಹಲಸಿನ ತೊಲೆಯ ಮೇಲೆ ಹತ್ತರಿ ಆಡಿಸಿದಾಗ ಅರಿಶಿನದ ಬಣ್ಣ ಹೊರಬಂತು. ಕೂಲಿ ಮಾತ್ರ ಮರದ ಬೆಲೆಯನ್ನು ದಾಟಿತು. ಹಳೇ ಮೊಳೆ ಕೀಳುವುದೇ ಒಂದು ವಾರದ ಕೆಲಸ.

ಕಂಬ ಕೊಳೆಯುವುದು ಯಾವಾಗಲೂ ಬುಡದಿಂದ. ಅಡ್ಡಕೊಯ್ದ ಮುಖ ಸ್ಪಂಜಿನ ಹಾಗೆ ನೀರು ಕುಡಿಯುತ್ತದೆ. ಅದಕ್ಕೆ ಗುಂಡಿಯಲ್ಲಿ ಕಲ್ಲು ಕೂರಿಸಿ, ನೆಲದಿಂದ ಗೇಣೆತ್ತರಕ್ಕೆ ತಂದು, ಕಬ್ಬಿಣದ ಗೂಟ ನೆಟ್ಟು, ಅದರ ಮೇಲೆ ಕಂಬ ಕೂರಿಸಿದ್ದೇವೆ. ಗೆದ್ದಲು ಹತ್ತಬೇಕಾದರೆ ಕಲ್ಲಿನ ಮೇಲೆ ಮಣ್ಣಿನ ದಾರಿ ಕಟ್ಟಲೇಬೇಕು, ಕಟ್ಟಿದರೆ ಕಣ್ಣಿಗೆ ಬೀಳುತ್ತದೆ. ಬುಡಕ್ಕೆ ಗೇರೆಣ್ಣೆ ಎರಡು ಸಲ ಸವರಿದೆವು. ಕರಾವಳಿಯವರು ಹಿಂದಿನಿಂದ ಬಳಸುವ ಮದ್ದು, ಆದರೆ ಕೈಗೆ ತಾಗಿದರೆ ಬೊಬ್ಬೆ. ನನಗೆ ತಾಗಿತು.

ನೆಲ ಮರದ ಹಲಗೆ, ಮೊಣಕಾಲೆತ್ತರದಲ್ಲಿ, ಹಲಗೆಗಳ ನಡುವೆ ಕಿರುಬೆರಳು ತೂರುವಷ್ಟು ಸಂದಿ. ಕೆಳಗೆ ಮಣ್ಣು ಮೊದಲಿದ್ದ ಹಾಗೇ ಇದೆ, ತರಗೆಲೆ ಸಮೇತ. ಮರದ ಸುತ್ತಲಿನ ಹಲಗೆಗಳಿಗೆ ಗೂಟ ಹೊಡೆದಿಲ್ಲ, ಸ್ಕ್ರೂ ಹಾಕಿದೆ. ಬುಡ ದಪ್ಪವಾದಂತೆ ಒಂದೊಂದೇ ಕಳಚಬಹುದು. ಇದು ನನ್ನದೇ ಐಡಿಯಾ ಎಂದು ಹೇಳಿಕೊಳ್ಳಲು ನನಗೆ ಹೆಮ್ಮೆ, ಯಾಕೆಂದರೆ ಈ ಕೆಲಸದಲ್ಲಿ ನನ್ನದೆಂದು ಹೇಳಿಕೊಳ್ಳುವಂಥದ್ದು ಅದೊಂದೇ.

ನಮ್ಮಲ್ಲೂ ಮರವಿದೆ, ಮಾಡಬಹುದಾ ಎಂದು ಕೇಳುವವರಿಗೆ ನಾನು ಮೊದಲು ಕೇಳುವುದು ಯಾವ ಮರ ಎಂದು. ತೆಂಗಾದರೆ ಬೇಡವೇ ಬೇಡ, ತಲೆಗೆ ಅಪಾಯ. ಹಲಸಿನ ಕಾಯಿ ಕಾಂಡಕ್ಕೇ ಬಿಡುತ್ತದೆ, ಹತ್ತು ಕಿಲೋದ್ದು ಮಾಡಿನ ಮೇಲೆ ಬಿದ್ದರೆ ಹೆಂಚಿನ ಲೆಕ್ಕ ಇಡಲಾಗುವುದಿಲ್ಲ. ನೇರಳೆ ನೆಲವನ್ನೆಲ್ಲ ಬಣ್ಣ ಮಾಡುತ್ತದೆ. ನುಗ್ಗೆಗೆ ಕಂಬಳಿಹುಳ. ಗುಲ್‌ಮೊಹರ್ ನೋಡಲು ಚೆಂದ, ಕೊಂಬೆ ಮುರಿಯುವುದೂ ಅಷ್ಟೇ ಸುಲಭ. ಆಲಕ್ಕೆ ಮಂಟಪ ಬೇಕಿಲ್ಲ, ಅದೇ ತನ್ನ ಕಂಬ ಇಳಿಸಿಕೊಳ್ಳುತ್ತದೆ. ಮಾವು, ಹೊಂಗೆ, ಸಂಪಿಗೆ ಪರವಾಗಿಲ್ಲ. ಮಾವಿನಲ್ಲಿ ಚಗಳಿ ಇರುವೆ ಇರುತ್ತದೆ ಎಂಬುದನ್ನು ನಾನು ನಕ್ಷೆ ಮಾಡುವಾಗ ಮರೆತಿದ್ದೆ. ಮೊದಲ ವರ್ಷವೇ ಅವು ತಾಗಿಕೊಂಡಿದ್ದ ಒಂದು ಕೊಂಬೆಯ ಮೂಲಕ ಮಾಡಿಗಿಳಿದು, ಕಂಬದಲ್ಲಿ ಸಾಲುಗಟ್ಟಿ, ಕೂತವರ ಕುತ್ತಿಗೆಗೆ ಬಂದವು. ಮನೆಯವರು ಚಟ್ನಿ ಮಾಡಿ ಸೇಡು ತೀರಿಸಿಕೊಂಡರು.

ಆ ಕೊಂಬೆಯನ್ನು ಕತ್ತರಿಸಿದೆವು. ಕಡಿದ ಗಾಯಕ್ಕೆ ಸಗಣಿ, ಟಾರು, ಬಣ್ಣ ಬಳಿಯುವುದು ನಮ್ಮ ರೂಢಿ. ನಾನು ಏನೂ ಬಳಿಯಲಿಲ್ಲ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶೈಗೊ ಎಂಬ ವಿಜ್ಞಾನಿ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿ ಕಂಡುಕೊಂಡದ್ದು ಇದು: ನಮ್ಮ ಚರ್ಮದ ಹಾಗೆ ಮರದ ಗಾಯ ಮಾಯುವುದಿಲ್ಲ. ಮರ ಆ ಜಾಗದ ಸುತ್ತ ಒಳಗೊಂದು ಗೋಡೆ ಎಬ್ಬಿಸಿ, ಕೊಳೆತವನ್ನು ಅಲ್ಲೇ ಕೂಡಿಹಾಕಿ, ಅದರಾಚೆಗೆ ಹೊಸ ಮರ ಕಟ್ಟಿಕೊಳ್ಳುತ್ತದೆ. ಮೇಲೆ ಬಳಿದ ಬಣ್ಣದಿಂದ ಆ ಕೆಲಸಕ್ಕೆ ಸಹಾಯವೇನೂ ಇಲ್ಲ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಉಬ್ಬಿದ ಕೊರಳಪಟ್ಟಿಯನ್ನು ಬಿಟ್ಟು, ಅದರ ಹೊರಗೆ ಕತ್ತರಿಸಿದರೆ ಮರಕ್ಕೆ ಸುಲಭ.

ಮಂಟಪ ನೋಡಿದವರೆಲ್ಲ ಕೇಳುವುದು ಒಂದೇ: “ಮಳೆಗಾಲದಲ್ಲಿ ಸೋರುವುದಿಲ್ಲವಾ?” ಸೋರುತ್ತದೆ. ಗಾಳಿ ಬೀಸಿದಾಗ ಮರದಿಂದ ಎರಡಡಿಯವರೆಗೆ ಹಲಗೆ ಒದ್ದೆ. ಅದರಾಚೆ ಒಣ. ಅಲ್ಲಿ ಕೂತರೆ ಮಳೆಯ ನೀರು ಕಾಂಡದ ತೊಗಟೆಯ ಗೀರುಗಳಲ್ಲಿ ಕವಲೊಡೆದು, ಅಪ್ಪನ ತಂತಿಯ ತುದಿಯ ಹತ್ತಿರ ಒಂದು ಕ್ಷಣ ತಡೆದು, ಎರಡಾಗಿ ಇಳಿಯುವುದು ಕಾಣುತ್ತದೆ.

ಮಂಟಪಕ್ಕೆ ಈಗ ಆರು ವರ್ಷ. ಕಳೆದ ತಿಂಗಳು ಮಿಡಿ ಕೊಯ್ಯುವವರು ಏಣಿ ತಂದಿದ್ದಾಗ ಟೇಪು ಹಿಡಿದೆ, ಸುತ್ತಳತೆ 199. ಅದೇ ಏಣಿಯಲ್ಲಿ ಮಾಡಿನವರೆಗೆ ಹತ್ತಿ, ಚೌಕಟ್ಟಿಗೂ ಕಾಂಡಕ್ಕೂ ನಡುವೆ ಗೇಣಿಟ್ಟು ನೋಡಿದೆ. ಗೇಣು ಹಿಡಿಯಲಿಲ್ಲ. ಒಂದು ಬೆರಳು ಕಡಿಮೆ ಬಂತು.